ಮೊರೆಯಿಡುವುದು, ಮೊರೆಹೋಗುವುದು

ಸಾವಿನ ಮನೆಯಲ್ಲಾಗಲಿ, ಆಸ್ಪತ್ರೆಯ ಬೆಂಚಿನ ಮೇಲಾಗಲಿ ನಮ್ಮ ಕ್ರೈಸ್ತ ಸಭೆಯವರ ಬಾಯಿಗೆ ಮೊದಲು ಬರುವ ಮಾತು, "ಅಳಬೇಡಿ, ಎಲ್ಲಾ ದೇವರ ಚಿತ್ತ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಪ್ರಾಯದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಶವದ ಪಕ್ಕ ಕೂತು "ಯಾಕಪ್ಪಾ ಕೊಟ್ಟೆ? ಯಾಕೆ ಕಿತ್ಕೊಂಡೆ? ನಾನು ಕರೆದಾಗ ಎಲ್ಲಿ ಹೋಗಿದ್ದೆ?" ಎಂದು ದೇವರನ್ನೇ ಕೂಗಿ ಕೇಳುತ್ತಿದ್ದರು. "ಹಾಗೆಲ್ಲ ಕೇಳಬಾರದಮ್ಮ, ಅಪನಂಬಿಕೆ ಆಗ್ತದೆ" ಎಂದು ಹಿರಿಯರೊಬ್ಬರು ಅವರನ್ನು ಸುಮ್ಮನಾಗಿಸಿದರು. ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಂದಿನಿಂದ ಆ ಸಮಾಧಾನದ ಮಾತು ನನ್ನ ನಾಲಿಗೆಗೆ ಬರುವುದಿಲ್ಲ. ಅವರು ಕೇಳಿದ ಪ್ರಶ್ನೆ, ಹೆಚ್ಚುಕಡಿಮೆ ಅದೇ ದನಿಯಲ್ಲಿ, ಆ ಹಿರಿಯರ ಕಂಕುಳಲ್ಲಿದ್ದ ಬೈಬಲ್ಲಿನ ನಟ್ಟನಡುವೆಯೇ ಅಚ್ಚಾಗಿತ್ತು.

ಆ ನಟ್ಟನಡುವಿನ ಭಾಗದ ಹೆಸರು ಕೀರ್ತನೆಗಳು. ಒಟ್ಟು 150 ಹಾಡು. ಹೀಬ್ರೂ ಭಾಷೆಯಲ್ಲಿ ಅದನ್ನು ತೆಹಿಲ್ಲೀಮ್ ಎನ್ನುತ್ತಾರೆ, ಅಂದರೆ ಸ್ತುತಿಗಳು. ಸ್ತುತಿಯೆಂದು ತೆರೆದವರಿಗೆ ಮೂರನೆಯ ಹಾಡಿನಲ್ಲೇ ಗೋಳು ಕೇಳಿಸುತ್ತದೆ: ನನ್ನ ಮೇಲೆ ಬೀಳುವವರು ಎಷ್ಟೊಂದು ಜನ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವಿದ್ವಾಂಸ ಹೆರ್ಮನ್ ಗುಂಕೆಲ್ ಈ ಹಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡಿದಾಗ, ಎಲ್ಲಕ್ಕಿಂತ ದೊಡ್ಡ ಗುಂಪಾಗಿ ಕಂಡದ್ದು ಸಂಕಟದಲ್ಲಿರುವ ಒಬ್ಬೊಬ್ಬರ ಅಳಲಿನ ಹಾಡುಗಳು. ಇಡೀ ಜನ ಒಟ್ಟಾಗಿ ಅತ್ತದ್ದನ್ನೂ ಸೇರಿಸಿದರೆ ಪುಸ್ತಕದ ಸುಮಾರು ಮೂರರಲ್ಲೊಂದು ಪಾಲು ಅಳಲೇ. ಪುಸ್ತಕಕ್ಕೆ ಸ್ತುತಿಗಳು ಎಂದು ಹೆಸರಿಟ್ಟವರು ಇದನ್ನೆಲ್ಲ ಬೇರೆ ಕಟ್ಟಿಗೆ ಎತ್ತಿಡಲಿಲ್ಲ. ಅಳಲನ್ನೂ ಆ ಹೆಸರಿನಡಿಯಲ್ಲೇ ಇಟ್ಟುಕೊಂಡರು.

ಹಾಗಾದರೆ ದೇವರನ್ನು ನಂಬುವುದು, ದೇವರಲ್ಲೇ ದೂರುವುದು, ಇವೆರಡೂ ಒಟ್ಟಿಗೆ ಇರುವುದು ಹೇಗೆ? ಇದು ಕನ್ನಡದ ಕಿವಿಗೆ ಕಷ್ಟವಾಗಬಾರದು ಎಂದು ನನ್ನ ಅನಿಸಿಕೆ. ನಮ್ಮಲ್ಲಿ 'ಮೊರೆ' ಎಂಬ ಪದವಿದೆ. ಮೊರೆಯಿಡುವುದು ಎಂದರೆ ಗೋಳಿಟ್ಟು ಕೂಗುವುದು. ಮೊರೆಹೋಗುವುದು ಎಂದರೆ ಆಶ್ರಯಕ್ಕೆ ಹೋಗುವುದು. ಪದದ ಬೇರು ಎಲ್ಲಿಂದಲೇ ಬಂದಿರಲಿ, ಇವತ್ತು ನಾವು ಆಡುವ ಮಾತಿನಲ್ಲಿ ಕೂಗಿಗೂ ಆಸರೆಗೂ ಒಂದೇ ಪದ. ಹರಿದಾಸರ ನಿಂದಾಸ್ತುತಿಯಲ್ಲಿ ದೇವರನ್ನು ತರಾಟೆಗೆ ತೆಗೆದುಕೊಳ್ಳುವುದನ್ನೂ ನಮ್ಮ ಹಿರಿಯರು ಭಕ್ತಿಯೆಂದೇ ಕೇಳಿದರು. ಹಾಗಿದ್ದೂ ಸಂಕಟದ ಹೊತ್ತಿಗೆ ನಾವು ಮೊರೆಹೋಗಿ ಎನ್ನುತ್ತೇವೆ, ಮೊರೆಯಿಡಬೇಡಿ ಎನ್ನುತ್ತೇವೆ.

62ನೆಯ ಕೀರ್ತನೆಯನ್ನು ನಿಧಾನವಾಗಿ ಓದಿದರೆ ಇದು ಬಿಡಿಸಿಕೊಳ್ಳುತ್ತದೆ. (ಇಲ್ಲಿ ಕೊಡುವ ಸಾಲುಗಳು ಮೂಲದ ಅರ್ಥಕ್ಕೆ ಹತ್ತಿರವಾಗಿ ನಾನು ಮಾಡಿಕೊಂಡವು.) ಹನ್ನೆರಡೇ ವಚನ. ಹಾಡುವವನ ಪಾಡು ಏನೆಂದು ಮೂರನೆಯ ವಚನದಲ್ಲಿ ತಿಳಿಯುತ್ತದೆ. ವಾಲಿದ ಗೋಡೆ, ಬೀಳಲಿರುವ ಬೇಲಿ, ಅಂಥ ಸ್ಥಿತಿ ಅವನದು. ಬಿದ್ದೇ ಹೋಗಲಿ ಎಂದು ಎಲ್ಲರೂ ಸೇರಿ ತಳ್ಳುತ್ತಿದ್ದಾರೆ. ಬಾಯಲ್ಲಿ ಹರಸುತ್ತಾರೆ, ಒಳಗೊಳಗೆ ಶಪಿಸುತ್ತಾರೆ. ಇಂಥವನು ಹಾಡನ್ನು ಎತ್ತಿಕೊಳ್ಳುವುದು ಹೀಗೆ: 'ದೇವರ ಮುಂದೆಯೇ ನನ್ನ ಪ್ರಾಣ ಮೌನವಾಗಿದೆ, ನನ್ನ ರಕ್ಷಣೆ ಆತನಿಂದ.' ಮೂಲದಲ್ಲಿ ಮೊದಲ ಪದ 'ಅಕ್'. ಮಾತ್ರ, ಅದೇ, ಬೇರೇನೂ ಇಲ್ಲ ಎಂಬ ಅರ್ಥದ ಪುಟ್ಟ ಪದ. ಕನ್ನಡದಲ್ಲಿ ಒಂದು 'ಏ' ಸೇರಿಸಿದರೆ ಸಾಕು: ದೇವರೇ, ಆತನೇ. ಹನ್ನೆರಡರಲ್ಲಿ ಆರು ವಚನಗಳು ಇದೇ ಪದದಿಂದ ಶುರುವಾಗುತ್ತವೆ. ಮುಳುಗುವವನು ಒಂದೇ ಹಗ್ಗವನ್ನು ಮತ್ತೆ ಮತ್ತೆ ಹಿಡಿದುಕೊಂಡಂತೆ.

ಈಗ ಐದನೆಯ ವಚನಕ್ಕೆ ಬನ್ನಿ. ಮೊದಲಿನ ಸಾಲೇ ಮತ್ತೆ ಬಂದಂತೆ ಕಾಣುತ್ತದೆ, ಆದರೆ ಮಾತಿನ ರೂಪ ಬದಲಾಗಿದೆ. ಮೊದಲು 'ನನ್ನ ಪ್ರಾಣ ಮೌನವಾಗಿದೆ' ಎಂದವನು ಈಗ 'ನನ್ನ ಪ್ರಾಣವೇ, ಮೌನವಾಗಿರು' ಎನ್ನುತ್ತಾನೆ. ನಡುವೆ ಆದದ್ದೇನು? ವೈರಿಗಳ ನೆನಪು. ಅವರ ನೆನಪು ಬಂದದ್ದೇ ಮೌನ ಒಡೆಯಿತು. ಈಗ ಅವನು ರಚ್ಚೆ ಹಿಡಿದ ಮಗುವನ್ನು ತಾಯಿ ತಟ್ಟುವ ಹಾಗೆ ತನ್ನ ಜೀವವನ್ನು ತಾನೇ ತಟ್ಟುತ್ತಿದ್ದಾನೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಬಲ ಹೆಚ್ಚಿದೆ. ಎರಡನೆಯ ವಚನದಲ್ಲಿ 'ನಾನು ಬಹಳವಾಗಿ ಕದಲೆನು' ಎಂದಿದ್ದವನು ಆರನೆಯದರಲ್ಲಿ 'ಬಹಳವಾಗಿ' ಎಂಬುದನ್ನು ಬಿಟ್ಟು 'ಕದಲೆನು' ಎನ್ನುತ್ತಾನೆ. ಒಂದೇ ಪ್ರಾರ್ಥನೆಯೊಳಗೆ ಒಂದು ಕೈ ಜಾರುತ್ತದೆ, ಇನ್ನೊಂದು ಬಿಗಿಯಾಗುತ್ತದೆ. ನಂಬಿಕೆ ಎಂದರೆ ಅಲುಗಾಡದ ಕಲ್ಲುಕಂಬ ಎಂದು ಕಲಿಸಿಕೊಂಡು ಬಂದವನು ನಾನು. ಈ ಹಾಡು ನಂಬಿಕೆಯನ್ನು ಹಾಗೆ ತೋರಿಸುವುದೇ ಇಲ್ಲ, ಮತ್ತು ಅದಕ್ಕಾಗಿ ನಾನು ಈ ಹಾಡಿಗೆ ಋಣಿ.

ಎಂಟನೆಯ ವಚನದಲ್ಲಿ ಅವನು ಸುತ್ತಲಿನ ಜನರ ಕಡೆ ತಿರುಗುತ್ತಾನೆ: 'ಜನರೇ, ಯಾವ ಹೊತ್ತಿನಲ್ಲೂ ಆತನನ್ನು ನಂಬಿರಿ. ನಿಮ್ಮ ಹೃದಯವನ್ನು ಆತನ ಮುಂದೆ ಸುರಿಯಿರಿ. ದೇವರು ನಮಗೆ ಆಶ್ರಯ.' ಮೂರು ಮಾತು. ನಂಬುವುದಕ್ಕೂ ಆಶ್ರಯಕ್ಕೂ ನಟ್ಟನಡುವೆ ನಿಂತಿರುವುದು ಸುರಿಯುವುದು. ಹಾಡಿನ ಆರಂಭದ 'ನನ್ನ' ಇಲ್ಲಿ 'ನಮಗೆ' ಆಗಿದೆ ಎಂಬುದನ್ನೂ ಗಮನಿಸಿ.

ಸುರಿಯುವುದು ಎಂಬಲ್ಲಿ ಮೂಲದಲ್ಲಿರುವ ಕ್ರಿಯಾಪದ ನೀರು ಸುರಿಯುವುದಕ್ಕೂ ರಕ್ತ ಸುರಿಸುವುದಕ್ಕೂ ಬಳಕೆಯಾಗುವಂಥದ್ದು. ಯೆರೂಸಲೇಮ್ ಹಾಳಾದಾಗಿನ ಶೋಕದ ಹಾಡುಗಳಾದ ಪ್ರಲಾಪಗಳಲ್ಲಿಯೂ ಅದೇ ಮಾತು ಬರುತ್ತದೆ: ಹೃದಯವನ್ನು ನೀರಿನಂತೆ ಹೊಯ್ದುಬಿಡು. ಕೊಡವನ್ನು ಬಗ್ಗಿಸಿದರೆ ಮೇಲಿನ ತಿಳಿ ಬರುತ್ತದೆ. ಬೋರಲು ಹಾಕಿದರೆ ತಳದ ಗಸಿಯೂ ಬರುತ್ತದೆ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಬಹುಪಾಲು ನಾವು ಕೊಡವನ್ನು ಬಗ್ಗಿಸುವವರು, ತಿಳಿಯಷ್ಟನ್ನು ದೇವರಿಗೆ ಕೊಟ್ಟು ಗಸಿಯನ್ನು ಮನೆಗೆ ಹೊತ್ತುಕೊಂಡು ಹೋಗುವವರು. ಕನ್ನಡದಲ್ಲಿ ಈ ಭಾವಕ್ಕೆ 'ತೋಡಿಕೊಳ್ಳುವುದು' ಎನ್ನುತ್ತೇವೆ. ಹೀಬ್ರೂವಿನಲ್ಲಿ ಸುರಿಯುತ್ತಾರೆ, ನಾವು ಬಾವಿಯ ಹಾಗೆ ತೋಡುತ್ತೇವೆ. ತೋಡುವುದರಲ್ಲಿ ಇನ್ನೊಂದು ಸತ್ಯವೂ ಇದೆ. ಮೇಲಿನ ಮಣ್ಣು ತೆಗೆಯದೆ ನೀರು ಸಿಗುವುದಿಲ್ಲ, ಎಷ್ಟು ಆಳಕ್ಕಿದೆ ಎಂದು ತೋಡುವವನಿಗೂ ಮೊದಲೇ ಗೊತ್ತಿರುವುದಿಲ್ಲ.

ಬೈಬಲ್ಲಿನಲ್ಲಿ ಬರುವ, ಮಕ್ಕಳಿಲ್ಲದ ಹನ್ನಳ ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಇದೆ. ಶೀಲೋವಿನ ದೇವಾಲಯದಲ್ಲಿ ಅವಳು ಪ್ರಾರ್ಥಿಸುವಾಗ ತುಟಿ ಮಾತ್ರ ಅಲ್ಲಾಡುತ್ತದೆ, ಸ್ವರವಿಲ್ಲ. ಯಾಜಕ ಏಲಿ ಅವಳನ್ನು ಕುಡಿದ ಹೆಂಗಸೆಂದು ತಿಳಿದು ಗದರಿಸುತ್ತಾನೆ. ಅವಳ ಉತ್ತರ: 'ಸ್ವಾಮೀ, ನಾನು ಕುಡಿದಿಲ್ಲ. ಯೆಹೋವನ ಮುಂದೆ ನನ್ನ ಪ್ರಾಣವನ್ನು ಸುರಿಯುತ್ತಿದ್ದೇನೆ.' ಅದೇ ಕ್ರಿಯಾಪದ. ಮುಕ್ತವಾಗಿ ಪ್ರಾರ್ಥಿಸುವುದು ಎಂದರೆ ಗಟ್ಟಿಯಾಗಿ ಪ್ರಾರ್ಥಿಸುವುದೆಂದಲ್ಲ ಎಂಬುದು ಇಲ್ಲಿ ಸ್ಪಷ್ಟ. ಅವಳ ಪ್ರಾರ್ಥನೆ ಪಕ್ಕದವರಿಗೆ ಕೇಳಿಸಲಿಲ್ಲ, ಆದರೆ ದೇವರಿಂದ ಏನನ್ನೂ ಮುಚ್ಚಿಡಲಿಲ್ಲ. ಏಲಿ ಕೊನೆಗೆ ಅವಳನ್ನು ಹರಸಿ ಕಳಿಸಿದ ಮೇಲೆ ಅವಳು ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖ ಬಾಡಲಿಲ್ಲ ಎಂದು ಕಥೆ ಹೇಳುತ್ತದೆ. ಮಗು ಹುಟ್ಟಿದ್ದು ಅದರ ನಂತರ. ಮುಖ ಬದಲಾದಾಗ ಅವಳ ಮಡಿಲು ಇನ್ನೂ ಬರಿದಾಗಿಯೇ ಇತ್ತು.

ಇನ್ನು ಆಶ್ರಯ. ಕನ್ನಡದಲ್ಲಿ ಆಶ್ರಯ ಎಂದಾಗ ಮನೆ, ಸೂರು, ಆಶ್ರಯದಾತ ಅರಸ ನೆನಪಾಗುತ್ತಾರೆ. ಕೀರ್ತನೆಗಳಲ್ಲಿ ಬರುವ 'ಮಹ್ಸೆ' ಎಂಬ ಪದದ ಹಿಂದಿರುವುದು ಯೆಹೂದದ ಬೋಳು ಬೆಟ್ಟಗಳ ನೆಲ. ಮರಗಳು ಕಡಿಮೆ, ಬಿಸಿಲು ಜೋರು, ಮೃತ ಸಮುದ್ರದ ಕಡೆಗೆ ಇಳಿಯುವ ಕಡಿದಾದ ಬಂಡೆಗಳು, ಅವುಗಳಲ್ಲಿ ಗವಿಗಳು. ಈ ಹಾಡುಗಳಲ್ಲಿ ಹಲವನ್ನು ಹಾಡಿದವನೆಂದು ಹೇಳುವ ದಾವೀದ, ಸೌಲ ಅರಸನಿಂದ ತಪ್ಪಿಸಿಕೊಂಡು ಏಂಗೆದಿಯ ಬಂಡೆಗಳ ಗವಿಯಲ್ಲಿ ಅಡಗಿದ್ದು ಇಂಥ ನೆಲದಲ್ಲೇ. ಬಂಡೆ, ಕೋಟೆ, ದುರ್ಗ ಎಂದು ದೇವರನ್ನು ಕರೆಯುವ ಹಾಡುಗಳು ಬಂಡೆಯ ಸಂದಿನಲ್ಲಿ ಮೈ ಒತ್ತಿ ಕೂತವರ ಅನುಭವದಿಂದ ಬಂದವು.

104ನೆಯ ಕೀರ್ತನೆಯಲ್ಲಿ ಇದೇ ಪದ ಮನುಷ್ಯರಿಗಲ್ಲದೆ ಒಂದು ಪುಟ್ಟ ಪ್ರಾಣಿಗೆ ಬಳಕೆಯಾಗಿದೆ. ಬಂಡೆಗಳು ಬೆಟ್ಟದ ಮೊಲಗಳಿಗೆ ಆಶ್ರಯ ಎನ್ನುತ್ತದೆ ಆ ಹಾಡು. ನಿಜವಾಗಿ ಅದು ಮೊಲವಲ್ಲ. ಮೊಲದಷ್ಟೇ ಗಾತ್ರದ, ಗಿಡ್ಡ ಕಿವಿಯ, ಬಾಲವೇ ಕಾಣದ ಪ್ರಾಣಿ, ಇವತ್ತಿಗೂ ಏಂಗೆದಿಯ ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತದೆ. ಅದಕ್ಕೆ ಹೋರಾಡಿ ಗೆಲ್ಲುವ ಶಕ್ತಿಯಿಲ್ಲ, ದೂರ ಓಡುವ ಕಾಲೂ ಇಲ್ಲ. ಬಲವಿಲ್ಲದ ಕುಲ, ಆದರೂ ಬಂಡೆಯಲ್ಲಿ ಮನೆ ಮಾಡಿಕೊಳ್ಳುತ್ತವೆ ಎಂದು ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕ ಅದರ ಜಾಣತನವನ್ನು ಮೆಚ್ಚುತ್ತದೆ. ಹದ್ದು ಕಂಡರೆ ಕಾವಲು ಕೂತದ್ದು ಗಟ್ಟಿಯಾಗಿ ಕಿರುಚುತ್ತದೆ, ಗುಂಪೆಲ್ಲ ಬಿರುಕಿಗೆ ನುಗ್ಗುತ್ತದೆ. ಕಿರುಚುವುದೂ ನುಗ್ಗುವುದೂ ಅಲ್ಲಿ ಒಂದೇ ಗಳಿಗೆಯಲ್ಲಿ ಆಗುತ್ತದೆ. ಸದ್ದು ಮಾಡಿದ್ದಕ್ಕೆ ಬಂಡೆ ಯಾವುದನ್ನೂ ಹೊರಗೆ ನಿಲ್ಲಿಸುವುದಿಲ್ಲ.

ದೂರು ಎಲ್ಲಿ ನಂಬಿಕೆಯಾಗಿ ಉಳಿಯುತ್ತದೆ, ಎಲ್ಲಿ ಬರೀ ಕಹಿಯಾಗುತ್ತದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನನಗೆ ತಿಳಿದಂತೆ ಉತ್ತರ ಸರ್ವನಾಮದಲ್ಲಿದೆ. 'ಯೆಹೋವನು ನನಗೆ ಕುರುಬನು' ಎಂದು ಶುರುವಾಗುವ 23ನೆಯ ಕೀರ್ತನೆ ಭಾನುವಾರದ ಶಾಲೆಗೆ ಹೋದ ಮಕ್ಕಳಿಗೆಲ್ಲ ಬಾಯಿಪಾಠ. ಅದರಲ್ಲಿ ಹಸುರುಗಾವಲು, ಶಾಂತವಾದ ನೀರು ಇರುವವರೆಗೆ ದೇವರು 'ಆತನು'. ಆತನು ನಡೆಸುತ್ತಾನೆ, ಆತನು ತಂಗಿಸುತ್ತಾನೆ. ಕಾರ್ಗತ್ತಲಿನ ಕಣಿವೆ ಬಂದದ್ದೇ ಮಾತು ತಿರುಗುತ್ತದೆ: 'ನೀನು ನನ್ನ ಜೊತೆಯಲ್ಲಿದ್ದೀ.' ಕತ್ತಲಲ್ಲಿ ದೇವರ ಕುರಿತು ಮಾತಾಡುವುದು ನಿಂತು ದೇವರೊಂದಿಗೆ ಮಾತು ಶುರುವಾಗುತ್ತದೆ. ಕನ್ನಡದಲ್ಲಿ ನಾವು ದೇವರಿಗೆ ತಾವು ಎನ್ನುವುದಿಲ್ಲ, ನೀನು ಎನ್ನುತ್ತೇವೆ, ಅಮ್ಮನಿಗೆ ಹೇಳುವ ಹಾಗೆ. ಆ ಸಲಿಗೆ ಪ್ರಾರ್ಥನೆಯಲ್ಲಿ ಮೊದಲಿನಿಂದಲೂ ನಮ್ಮ ಭಾಷೆಯಲ್ಲಿದೆ. ದೇವರು ನನಗೆ ಹೀಗೆ ಮಾಡಿಬಿಟ್ಟ ಎಂದು ಊರ ತುಂಬ ಹೇಳಿಕೊಂಡು ತಿರುಗುವುದು ಒಂದು. ಯಾಕೆ ಹೀಗೆ ಮಾಡಿದೆ ಎಂದು ಅವನ ಮುಂದೆಯೇ ನಿಂತು ಕೇಳುವುದು ಇನ್ನೊಂದು. ಎರಡನೆಯದರಲ್ಲಿ ಮಾತುಕತೆ ಮುರಿದುಬಿದ್ದಿಲ್ಲ. 62ನೆಯ ಕೀರ್ತನೆಯಲ್ಲೂ ಹಾಡುಗಾರ ವೈರಿಗಳೊಡನೆ, ತನ್ನ ಪ್ರಾಣದೊಡನೆ, ಜನರೊಡನೆ ಮಾತಾಡಿ ಮುಗಿಸಿ ಕಟ್ಟಕಡೆಯ ವಚನದಲ್ಲಿ ಮೊದಲ ಬಾರಿಗೆ ದೇವರಿಗೆ 'ನೀನು' ಎನ್ನುತ್ತಾನೆ.

13ನೆಯ ಕೀರ್ತನೆ ಆರು ವಚನಗಳಷ್ಟು ಚಿಕ್ಕದು. 'ಎಲ್ಲಿಯ ತನಕ?' ಎಂಬ ಕೂಗು ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. ಎಲ್ಲಿಯ ತನಕ ನನ್ನನ್ನು ಮರೆತಿರುವೆ, ಎಲ್ಲಿಯ ತನಕ ಮುಖ ಮರೆಸಿಕೊಳ್ಳುವೆ? ಕೊನೆಯಲ್ಲಿ 'ನಾನಾದರೋ ನಿನ್ನ ಪ್ರೀತಿಯಲ್ಲಿ ಭರವಸವಿಟ್ಟಿದ್ದೇನೆ' ಎಂಬ ಮಾತು. ನಡುವೆ ಪರಿಸ್ಥಿತಿ ಬದಲಾಯಿತು ಎಂದು ಹಾಡಿನಲ್ಲಿ ಎಲ್ಲೂ ಇಲ್ಲ. ಇಂಥ ಅಳಲಿನ ಹಾಡುಗಳಲ್ಲಿ ಬಹುಪಾಲು ಇದೇ ಹಾದಿ ಹಿಡಿಯುತ್ತವೆ. ಹೆಸರು ಹಿಡಿದು ಕರೆಯುತ್ತವೆ, ಆದದ್ದನ್ನು ಬಿಡಿಸಿ ಹೇಳುತ್ತವೆ, ಏನು ಬೇಕೆಂದು ನೇರವಾಗಿ ಕೇಳುತ್ತವೆ, ಹಿಂದೆ ನೀನು ಮಾಡಿದ್ದು ನೆನಪಿದೆ ಎನ್ನುತ್ತವೆ. ಯೇಸು ಶಿಲುಬೆಯ ಮೇಲೆ ಕೂಗಿದ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?' ಎಂಬುದು 22ನೆಯ ಕೀರ್ತನೆಯ ಮೊದಲ ಸಾಲು. ಕೈಬಿಟ್ಟೆ ಎನ್ನುವ ಅದೇ ಉಸಿರಿನಲ್ಲಿ 'ನನ್ನ' ಎಂಬುದು ಎರಡು ಸಲ ಇದೆ. ಹಾಗೆ ಕೇಳುವುದು ಅಪನಂಬಿಕೆಯೆಂದು ಆ ತಾಯಿಗೆ ಹೇಳಿದವರು ಪ್ರತಿ ಶುಭ ಶುಕ್ರವಾರ ಈ ಮಾತನ್ನು ಭಕ್ತಿಯಿಂದ ಓದಿಸುತ್ತಾರೆ.

ಕೋಪ? ಅದೂ ಇದೆ, ಓದಲು ಕಷ್ಟವಾಗುವಷ್ಟು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದರು. ಆ ಸೆರೆಯಾಳುಗಳ ನೆನಪಿನ 137ನೆಯ ಕೀರ್ತನೆ ನದಿಯ ದಡದ ಕಣ್ಣೀರಿನಿಂದ ಶುರುವಾಗಿ, ವೈರಿಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎಂಬಲ್ಲಿ ಮುಗಿಯುತ್ತದೆ. ಸಭೆಗಳಲ್ಲಿ ಹಾಡುವಾಗ ಕೊನೆಯ ಆ ಸಾಲುಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಅದನ್ನು ಆದರ್ಶವೆಂದು ನಾನು ಒಪ್ಪಲಾರೆ, ಒಪ್ಪಬೇಕೆಂದೂ ಅದು ಅಲ್ಲಿಲ್ಲ. ಕಣ್ಣ ಮುಂದೆ ಮಕ್ಕಳನ್ನು ಕಳೆದುಕೊಂಡವರ ಎದೆಯಲ್ಲಿ ಇಂಥದ್ದು ಹುಟ್ಟುತ್ತದೆ. ಅವರು ಅದನ್ನು ಕತ್ತಿಯ ಕೈಗೆ ಕೊಡದೆ ದೇವರ ಕೈಗೆ ಕೊಟ್ಟರು. ಗಸಿಯೆಂದರೆ ಇದೇ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಕಥೆ ಬೈಬಲ್ಲಿನಲ್ಲಿದೆ, ಅದರಲ್ಲಿ ಇದಕ್ಕೆ ತೀರ್ಪೂ ಸಿಗುತ್ತದೆ. ಅವನ ಮೂವರು ಗೆಳೆಯರು ಮೊದಲ ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎನ್ನಬೇಕು. ಬಾಯಿ ತೆರೆದ ಮೇಲೆ ದೇವರ ಪರವಾಗಿ ವಾದಿಸತೊಡಗಿದರು: ನೀನು ತಪ್ಪು ಮಾಡಿರಬೇಕು, ದೇವರು ನ್ಯಾಯವಂತ, ಹೀಗೆಲ್ಲ ಮಾತಾಡಬೇಡ. ಯೋಬ ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನೇ ವಾದಕ್ಕೆ ಕರೆದ. ದೇವರು ಬಿರುಗಾಳಿಯೊಳಗಿಂದ ಅವನನ್ನೂ ಗಡುಸಾಗಿಯೇ ಪ್ರಶ್ನಿಸಿದ. ಆದರೂ ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ: 'ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ.' ಸಾವಿನ ಮನೆಗೆ ಹೊರಡುವ ಮುನ್ನ ಈ ವಚನವನ್ನು ನಾನು ಈಗ ಒಮ್ಮೆ ಓದಿಕೊಳ್ಳುತ್ತೇನೆ.

ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ದೇವರಲ್ಲಿ ಮೊರೆಹೋಗಿ ಎಂಬ ಬುದ್ಧಿಮಾತನ್ನು ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ತಿರುಗಿ ಕಳಿಸಲು, ಕಾಯಿಲೆಯವರನ್ನು ಡಾಕ್ಟರ ಹತ್ತಿರ ಕರೆದೊಯ್ಯದಿರಲು ಬಳಸಿದ್ದನ್ನು ಕಂಡಿದ್ದೇನೆ. ಸೌಲ ಈಟಿ ಎಸೆದಾಗ ದಾವೀದ ನಂಬಿಕೆಯಿಂದ ಕೂತಲ್ಲೇ ಕೂರಲಿಲ್ಲ, ಪಕ್ಕಕ್ಕೆ ಸರಿದು ಅದೇ ರಾತ್ರಿ ಓಡಿಹೋದ. ಹೆಂಡತಿ ಮೀಕಲಳು ಅವನನ್ನು ಕಿಟಕಿಯಿಂದ ಇಳಿಸಿ ತಪ್ಪಿಸಿದಳು. ದೇವರು ನನ್ನ ಆಶ್ರಯ ಎಂದು ಹಾಡಿದವನಿಗೆ ಕಿಟಕಿಯೂ ಬೇಕಾಯಿತು, ಗವಿಯೂ ಬೇಕಾಯಿತು, ಸಹಾಯದ ಕೈಯೂ ಬೇಕಾಯಿತು. ಓಡಬೇಕಾದವರು ಓಡಲಿ, ಓಡುತ್ತಲೇ ಪ್ರಾರ್ಥಿಸಲಿ.

88ನೆಯ ಕೀರ್ತನೆಯ ಬಗ್ಗೆ ಹೇಳಬೇಕು. ಎಲ್ಲ ಅಳಲಿನ ಹಾಡುಗಳೂ ಭರವಸೆಯ ಕಡೆ ಹೊರಳುತ್ತವೆ ಎಂದುಕೊಂಡವರು ಇದನ್ನು ಓದಬೇಕು. ಇದು ಹೊರಳುವುದಿಲ್ಲ. ಹಗಲಿರುಳು ಕೂಗುತ್ತೇನೆ ಎಂದು ಶುರು. ದಿನವೂ ಕೈ ಚಾಚುತ್ತೇನೆ ಎಂದು ಮತ್ತೊಮ್ಮೆ. ಬೆಳಗ್ಗೆ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ ಎಂದು ಮೂರನೆಯ ಸಲ. ಉತ್ತರವಿಲ್ಲ. ಗೆಳೆಯರನ್ನೂ ನೀನೇ ದೂರ ಮಾಡಿದೆ ಎಂಬ ದೂರಿನೊಂದಿಗೆ ಹಾಡು ನಿಂತುಬಿಡುತ್ತದೆ. ಮೂಲದಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಪ್ರಲಾಪಗಳ ಕೊನೆಯ ವಚನವೂ ಹೀಗೇ ಕಠಿಣವಾಗಿದೆ. ಅದಕ್ಕೇ ಯೆಹೂದ್ಯರು ಸಭಾಮಂದಿರದಲ್ಲಿ ಅದನ್ನು ಓದುವಾಗ ಅದರ ಹಿಂದಿನ ವಚನವನ್ನು ಇನ್ನೊಮ್ಮೆ ಹೇಳಿ ಮುಗಿಸುತ್ತಾರೆ. 88ನೆಯ ಕೀರ್ತನೆಯ ಕೊನೆ ಇದ್ದ ಹಾಗೇ ಉಳಿದಿದೆ.

ಆ ತಾಯಿಯ ಮನೆಗೆ ತಿಂಗಳುಗಳ ನಂತರ ಹೋಗಿದ್ದೆ. ಏನಾದರೂ ಓದು ಎಂದರು. ನಾನು ಈ ಹಾಡನ್ನು ಕೊನೆಯವರೆಗೆ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಬರೆದೋನಿಗೆ ಉತ್ತರ ಸಿಗಲೇ ಇಲ್ವಾ?" ಎಂದು ಕೇಳಿದರು.

"ಈ ಹಾಡಿನಲ್ಲಿ ಇಲ್ಲಮ್ಮ."

"ಆದ್ರೂ ಬೈಬಲ್‌ನಲ್ಲಿ ಇಟ್ಟವ್ರೆ."

"ಹೌದಮ್ಮ, ಇಟ್ಟಿದ್ದಾರೆ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಗೆ ಒರಗಿ ಕೂತರು. "ಇನ್ನೊಂದ್ಸಲ ಓದಪ್ಪ" ಎಂದರು.